ಕುರುಚಲು ಕಾಡಿನಲ್ಲಿ ಎರಡೂವರೆ ಗಂಟೆ: ನಮ್ಮೂರ ಹತ್ತಿರ ಅರಣ್ಯ ಸ್ನಾನ ಮಾಡಿಸುವುದು ಹೇಗೆ

ದಾವಣಗೆರೆಯಲ್ಲಿ ಯಾರನ್ನಾದರೂ "ಭಾನುವಾರ ಕಾಡಿಗೆ ಹೋಗೋಣ, ಬರ್ತೀರಾ?" ಅಂತ ಕೇಳಿ ನೋಡಿ. "ಆಗುಂಬೆಗಾ? ಸಕ್ರೆಬೈಲಿಗಾ?" ಅಂತಾರೆ. ನಮ್ಮ ಕಡೆಯವರಿಗೆ ಕಾಡು ಅಂದರೆ ಮಲೆನಾಡು. ಮನೆಯಿಂದ ಒಂದು ಗಂಟೆ ದೂರದಲ್ಲಿರುವ ಮುಳ್ಳು, ಬಂಡೆ, ಕುರುಚಲು ಗಿಡ ಕಾಡಿನ ಲೆಕ್ಕಕ್ಕೇ ಬರುವುದಿಲ್ಲ. ನಾನೂ ನಲವತ್ತು ವರ್ಷ ಹಾಗೇ ಅಂದುಕೊಂಡಿದ್ದೆ.

ಅಮ್ಮ ಹಾಸಿಗೆ ಹಿಡಿದ ಎರಡು ವರ್ಷ ರಾತ್ರಿ ಎದ್ದು ಎದ್ದು ನನ್ನ ನಿದ್ದೆ ಕೆಟ್ಟುಹೋಯಿತು. ಅವರು ಹೋದ ಮೇಲೂ ನಡುರಾತ್ರಿ ಎರಡು ಗಂಟೆಗೆ ಎಚ್ಚರ ಆಗುವುದು ನಿಲ್ಲಲಿಲ್ಲ. ಚಿತ್ರದುರ್ಗದಲ್ಲಿರುವ ಚಿಕ್ಕಮ್ಮನ ಮಗಳು ಒಂದು ಬೆಳಗ್ಗೆ ನನ್ನನ್ನು ಅಲ್ಲಿನ ಜೋಗಿಮಟ್ಟಿ ಗುಡ್ಡದ ಕಾಡಿಗೆ ಕರೆದುಕೊಂಡು ಹೋದಳು. ಸಮಾಧಾನದ ಮಾತು ಒಂದೂ ಆಡಲಿಲ್ಲ. ಒಂದು ಬಂಡೆ ತೋರಿಸಿ, "ಅಕ್ಕಾ, ಇಲ್ಲಿ ಕೂತಿರು. ನಾನು ಆ ಮರದ ಬುಡದಲ್ಲಿ ಇರ್ತೀನಿ" ಅಂದಳು. ಅಷ್ಟೇ. ಒಂದು ಗಂಟೆ ಕೂತಿದ್ದೆ. ಮೊದಲರ್ಧ ಗಂಟೆ ಮನೆಯ ಯೋಚನೆ. ಆಮೇಲೆ ಯಾವಾಗಲೋ ಯೋಚನೆ ನಿಂತು, ಬಂಡೆಯ ಮೇಲೆ ಸಾಲಾಗಿ ಹೋಗುತ್ತಿದ್ದ ಇರುವೆಗಳನ್ನು ನೋಡುತ್ತಿದ್ದೆ. ಆ ರಾತ್ರಿ ಬೆಳಗಿನವರೆಗೆ ನಿದ್ದೆ ಮಾಡಿದೆ. ಒಂದೇ ದಿನದಲ್ಲಿ ಎಲ್ಲ ಸರಿಹೋಯಿತು ಅಂತ ಹೇಳುವುದಿಲ್ಲ. ವಾರ ವಾರ ಹೋದೆ. ತಿಂಗಳುಗಟ್ಟಲೆ ಹೋದೆ. ನಿದ್ದೆ ಮೆಲ್ಲಗೆ ವಾಪಸ್ ಬಂತು.

ಅವಳು ಅವತ್ತು ಮಾಡಿದ್ದಕ್ಕೆ ಜಪಾನಿನಲ್ಲಿ ಒಂದು ಹೆಸರಿದೆ, ಒಂದು ಕ್ರಮ ಇದೆ ಅಂತ ಗೊತ್ತಾಗಿದ್ದು ಆಮೇಲೆ. ಈಗ ನಾನೇ ಆರೇಳು ಜನರನ್ನು ಕರೆದುಕೊಂಡು ಹೋಗುತ್ತೇನೆ. ನಿಮ್ಮ ಮನೆಯವರನ್ನೋ, ಗೆಳತಿಯರನ್ನೋ, ಓಣಿಯ ಹಿರಿಯರನ್ನೋ ಹೀಗೆ ಕರೆದುಕೊಂಡು ಹೋಗಬೇಕು ಅನ್ನಿಸಿದರೆ ಹೇಗೆ ಮಾಡಬೇಕು ಅಂತ ಬರೆಯುತ್ತಿದ್ದೇನೆ.

ಇದು ಏನು, ಏನಲ್ಲ

ಜಪಾನಿ ಭಾಷೆಯಲ್ಲಿ ಇದನ್ನು 'ಶಿನ್ರಿನ್ ಯೋಕು' ಅನ್ನುತ್ತಾರೆ. ಶಿನ್ರಿನ್ ಅಂದರೆ ಕಾಡು, ಯೋಕು ಅಂದರೆ ಸ್ನಾನ. ಮೈಗೆ ನೀರು ಸೋಕುವುದಿಲ್ಲ. ಕಾಡಿನ ಗಾಳಿ, ಬೆಳಕು, ಸದ್ದು, ವಾಸನೆಯಲ್ಲಿ ಮೀಯುವುದು. ಇದು ಹಳೇ ಕಾಲದ ಆಚರಣೆ ಅಂತ ಬಹಳ ಜನ ತಿಳಿದಿದ್ದಾರೆ, ಆದರೆ ಹಾಗಲ್ಲ. 1982ರಲ್ಲಿ ಜಪಾನಿನ ಅರಣ್ಯ ಇಲಾಖೆಯೇ ಈ ಪದ ಹುಟ್ಟುಹಾಕಿತು. ಊರುಗಳಲ್ಲಿ ದುಡಿದು ಸುಸ್ತಾದವರು ಕಾಡಿಗೆ ಬರಲಿ, ಬಂದವರಿಗೆ ಕಾಡಿನ ಮೇಲೆ ಪ್ರೀತಿ ಹುಟ್ಟಲಿ ಅನ್ನುವುದು ಅದರ ಆಸೆ. ನಾಗಾನೋ ಪ್ರಾಂತ್ಯದ ಅಕಾಸಾವಾ ಕಾಡಿನಲ್ಲಿ ಇದು ಶುರುವಾಯಿತು.

ಆಮೇಲೆ ಅಳೆದು ನೋಡಿದರು. ಅಲ್ಲಿನ 24 ಕಾಡುಗಳಲ್ಲಿ ನಡೆಸಿದ ಒಂದು ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಪ್ರತಿ ಜಾಗದಲ್ಲೂ 12 ಹುಡುಗರು. ಆರು ಜನ ಕಾಡಿಗೆ, ಆರು ಜನ ಪಟ್ಟಣಕ್ಕೆ. ಮಾರನೇ ದಿನ ಅದಲುಬದಲು. ಕಾಡಿನಲ್ಲಿ ಇದ್ದಾಗ ಅವರ ಎಂಜಲಿನಲ್ಲಿ ಕಾರ್ಟಿಸಾಲ್ ಕಡಿಮೆ ಇತ್ತು. ಅದು ಮನಸ್ಸಿನ ಮೇಲೆ ಒತ್ತಡ ಬಿದ್ದಾಗ ಮೈಯಲ್ಲಿ ಏರುವ ರಸ. ನಾಡಿ ಬಡಿತ, ರಕ್ತದ ಒತ್ತಡವೂ ಇಳಿದಿದ್ದವು. ಟೋಕಿಯೋದ ವೈದ್ಯ ಚಿಂಗ್ ಲಿ ಅವರು 12 ಜನ ನೌಕರರನ್ನು ಮೂರು ದಿನ ಕಾಡಿನಲ್ಲಿ ಇರಿಸಿ ರಕ್ತ ಪರೀಕ್ಷೆ ಮಾಡಿದರು. 11 ಜನರಲ್ಲಿ, ರೋಗಾಣುಗಳ ವಿರುದ್ಧ ಹೋರಾಡುವ ಒಂದು ಬಗೆಯ ಬಿಳಿ ರಕ್ತಕಣಗಳು ಮೊದಲಿಗಿಂತ ಚುರುಕಾಗಿದ್ದವು. ಮರಗಳು ತಮ್ಮನ್ನು ಕಾಪಾಡಿಕೊಳ್ಳಲು ಗಾಳಿಗೆ ಬಿಡುವ ಸುವಾಸನೆಯ ಎಣ್ಣೆಗಳೂ ಇದಕ್ಕೆ ಕಾರಣ ಇರಬಹುದು ಅನ್ನುತ್ತಾರೆ. ಅವಕ್ಕೆ ಫೈಟೋನ್‌ಸೈಡ್ ಅಂತ ಹೆಸರು.

ಇವು ಚಿಕ್ಕ ಗುಂಪಿನ ಪರೀಕ್ಷೆಗಳು ಅನ್ನುವುದು ನೆನಪಿರಲಿ. ಬಿಪಿ, ಶುಗರ್ ಮಾತ್ರೆ ಬಿಟ್ಟು ಕಾಡಿಗೆ ಬನ್ನಿ ಅಂತ ಯಾರಿಗೂ ಹೇಳಬೇಡಿ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುತ್ತಿರುವವರಿಗಂತೂ ಖಂಡಿತ ಹೇಳಬೇಡಿ. ಇದು ಔಷಧಿಯ ಜೊತೆಗೆ ಇರಬೇಕಾದದ್ದು.

ಇನ್ನೊಂದು ಮಾತು. ಇದು ಟ್ರೆಕ್ಕಿಂಗ್ ಅಲ್ಲ, ಪಿಕ್ನಿಕ್ ಅಲ್ಲ, ಹಕ್ಕಿ ನೋಡುವ ನಡಿಗೆಯೂ ಅಲ್ಲ. ಮರದ ಹೆಸರು ಗೊತ್ತಿಲ್ಲದಿದ್ದರೂ ನಡೆಯುತ್ತದೆ. ಎರಡೂವರೆ ಗಂಟೆಯಲ್ಲಿ ನಾವು ನಡೆಯುವುದು ಹೆಚ್ಚೆಂದರೆ ಒಂದು ಕಿಲೋಮೀಟರ್.

ಜಾಗ ಆರಿಸುವುದು

ನನ್ನ ಮೊದಲ ಆಯ್ಕೆ ಜೋಗಿಮಟ್ಟಿ. ಚಿತ್ರದುರ್ಗ ಊರಿನಿಂದ ಸುಮಾರು 10 ಕಿಲೋಮೀಟರ್, ದಾವಣಗೆರೆಯಿಂದ ಹೆದ್ದಾರಿಯಲ್ಲಿ ಬಂದರೆ ಸುಮಾರು 60 ಕಿಲೋಮೀಟರ್ ಆದಮೇಲೆ ಚಿತ್ರದುರ್ಗ. ದಾರಿಯಲ್ಲಿ ಆಡುಮಲ್ಲೇಶ್ವರದ ಕಿರು ಮೃಗಾಲಯ ಸಿಗುತ್ತದೆ. ಮೇಲೆ ಹೋದಂತೆ ಗಾಳಿ ಬದಲಾಗುವುದು ಮೈಗೆ ಗೊತ್ತಾಗುತ್ತದೆ. ಇದು ವನ್ಯಧಾಮ. ಹಾಗಾಗಿ ಗುಂಪು ಕರೆದುಕೊಂಡು ಹೋಗುವ ಮೊದಲು ಅರಣ್ಯ ಇಲಾಖೆಯವರನ್ನು ಕೇಳಲೇಬೇಕು. ಯಾವ ದಾರಿಯಲ್ಲಿ ಹೋಗಬಹುದು, ಎಷ್ಟು ಹೊತ್ತಿಗೆ ಗೇಟು ತೆಗೆಯುತ್ತಾರೆ, ಈ ವಾರ ಕರಡಿ, ಚಿರತೆ ಓಡಾಟ ಇದೆಯಾ ಅಂತ ವಾಚರ್‌ಗಳನ್ನು ಕೇಳಿ. ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಮಂಡಿ ನೋವಿನವರು, ವಯಸ್ಸಾದವರು ಇದ್ದರೆ ಚಂದ್ರವಳ್ಳಿಗೆ ಹೋಗಿ. ಚಿತ್ರದುರ್ಗ ಊರ ಪಕ್ಕದಲ್ಲೇ ಇದೆ. ಕೆರೆ, ಬಂಡೆ, ಮರದ ನೆರಳು ಎಲ್ಲ ಇದೆ. ಅದೇ ಕೆರೆಯ ಬಗ್ಗೆ ಹೇಳುವ ಕದಂಬರ ಮಯೂರಶರ್ಮನ ಶಾಸನ ಅಲ್ಲೇ ಬಂಡೆಯ ಮೇಲಿದೆ. ಅಲ್ಲಿ ಕೂತಾಗ, ನಮಗಿಂತ ಮೊದಲೂ ಜನ ಇಲ್ಲಿ ಹೀಗೇ ನೀರು ನೋಡುತ್ತಾ ಕೂತಿದ್ದಿರಬೇಕು ಅನ್ನಿಸುತ್ತದೆ. ಒಂದೇ ತೊಂದರೆ ಕೋತಿಗಳು. ತಿಂಡಿಯ ಚೀಲ ಕಾಣುವಂತೆ ಇಡಬೇಡಿ.

ದಾವಣಗೆರೆ ಕಡೆಯವರಿಗೆ ಕೊಂಡಜ್ಜಿ ಹತ್ತಿರ. ಕೆರೆಯೂ ಇದೆ, ಕಾಡೂ ಇದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ 2011ರಲ್ಲಿ ಕೊಂಡುಕುರಿಗಳಿಗಾಗಿಯೇ ವನ್ಯಧಾಮ ಆದ ಜಾಗ. ನಾಲ್ಕು ಕೋಡಿನ ಆ ಪುಟ್ಟ ಪ್ರಾಣಿಗೆ ನಾಚಿಕೆ ಜಾಸ್ತಿ. ಅಲ್ಲಿಗೆ ಇಲಾಖೆಯ ಅನುಮತಿ ಇಲ್ಲದೆ, ಗುಂಪು ಕಟ್ಟಿಕೊಂಡು ಹೋಗಬೇಡಿ. ಊರು ಬಿಡಲು ಆಗದವರಿಗೆ ಕುಂದವಾಡ ಕೆರೆಯ ದಂಡೆಯ ಒಂದು ಮರವೂ ಸಾಕು. ವಾಕಿಂಗ್‌ನವರ ನಡುವೆ ನಿಂತುಕೊಂಡು ಒಂದೇ ಮರವನ್ನು ಹತ್ತು ನಿಮಿಷ ನೋಡಲು ಮೊದಲ ದಿನ ಸಂಕೋಚ ಆಗುತ್ತದೆ. ಮೂರನೇ ದಿನಕ್ಕೆ ಹೋಗುತ್ತದೆ.

ಎಲ್ಲೇ ಹೋದರೂ ಹಿಂದಿನ ದಿನ ನೀವೊಬ್ಬರು ಹೋಗಿ ಅದೇ ದಾರಿಯಲ್ಲಿ, ಅದೇ ನಿಧಾನದಲ್ಲಿ ನಡೆದು ಬನ್ನಿ. ಎಲ್ಲಿ ಗುಂಡಾಗಿ ನಿಲ್ಲಬಹುದು, ಎಲ್ಲಿ ಕೂರಬಹುದು, ಎಲ್ಲಿ ಹೆಜ್ಜೇನು ಕಟ್ಟಿದೆ ಅಂತ ನೋಡಿಕೊಳ್ಳಿ. ಹೆಜ್ಜೇನು ಬಂಡೆಯ ಹೊಟ್ಟೆಯಲ್ಲಿ, ದೊಡ್ಡ ಮರದ ಕೊಂಬೆಯಲ್ಲಿ ತೂಗಾಡುತ್ತಿರುತ್ತದೆ. ಕಂಡರೆ ಆ ಜಾಗ ಬಿಟ್ಟುಬಿಡಿ.

ಕಾಲ, ಹೊತ್ತು

ನಮ್ಮ ಕಡೆ ಮುಂಗಾರು ಕೈಕೊಟ್ಟರೂ ಸೆಪ್ಟೆಂಬರ್, ಅಕ್ಟೋಬರ್ ಮಳೆ ಒಂದಿಷ್ಟು ಹಿಡಿಯುತ್ತದೆ. ಹಸ್ತ, ಚಿತ್ತೆ ಮಳೆ ಮುಗಿದು ಡಿಸೆಂಬರ್‌ವರೆಗೆ ಈ ಕಾಡು ಅತಿ ಚೆಂದ. ಫೆಬ್ರವರಿಯಿಂದ ಮೇವರೆಗೆ ಎಲೆ ಉದುರಿರುತ್ತದೆ, ನೆರಳಿಲ್ಲ, ಬೆಂಕಿಯ ಭಯವೂ ಇದೆ. ಆಗ ಚಂದ್ರವಳ್ಳಿಯೇ ಸರಿ, ಅದೂ ಎಂಟೂವರೆಯೊಳಗೆ ಮುಗಿಯುವಂತೆ.

ಉಳಿದ ತಿಂಗಳಲ್ಲಿ ಬೆಳಗ್ಗೆ ಏಳೂವರೆಯಿಂದ ಹತ್ತು ಗಂಟೆ. ನಸುಕಿಗೇ ಹೋಗಬೇಕು ಅಂತ ಎಲ್ಲರಿಗೂ ಆಸೆ. ನಾನು ಒಪ್ಪುವುದಿಲ್ಲ. ಕರಡಿ ಓಡಾಡುವುದು ರಾತ್ರಿ, ಮುಸ್ಸಂಜೆ ಮತ್ತು ನಸುಕಿನಲ್ಲಿ. ಬಿಸಿಲು ಬಿದ್ದ ಮೇಲೆ ಅವು ಬಂಡೆಗಳ ಸಂದಿಗೆ ಸೇರಿಕೊಳ್ಳುತ್ತವೆ. ಸೀತಾಫಲ ಹಣ್ಣಾಗುವ ಕಾಲದಲ್ಲಿ ಇನ್ನೂ ಹುಷಾರಾಗಿರಿ. ಹಣ್ಣು ನಮಗಷ್ಟೇ ಇಷ್ಟ ಅಲ್ಲ.

ಹೋಗುವ ಮೊದಲು

ಆರರಿಂದ ಎಂಟು ಜನ ಸಾಕು. ನಾನು ಮೊದಲ ಸಲ 14 ಜನರನ್ನು ಕರೆದುಕೊಂಡು ಹೋಗಿ ತಪ್ಪು ಮಾಡಿದೆ. ಇಬ್ಬರು ಮುಂದೆ, ಮೂವರು ಹಿಂದೆ, ಉಳಿದವರು ಫೋಟೋ. ಇಡೀ ಬೆಳಗು ನಾನು ತಲೆ ಎಣಿಸುವುದರಲ್ಲೇ ಕಳೆದೆ. ಜೊತೆಗೆ ಮಾತು ಜಾಸ್ತಿ ಆಡಿದೆ. ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕು ಅನ್ನುವ ಆತುರ. ವಾಪಸ್ ಬರುವಾಗ ಒಬ್ಬ ಹಿರಿಯರು, "ಚೆನ್ನಾಗಿ ಹೇಳಿದ್ರಿ, ಆದ್ರೆ ಕಾಡು ಏನೂ ಹೇಳೋಕೆ ಆಗಲಿಲ್ಲ ನೋಡಿ" ಅಂದರು. ಬೇಜಾರಿನಿಂದ ಹೇಳಿದ್ದಲ್ಲ ಅವರು. ಆದರೆ ಕರೆದುಕೊಂಡು ಹೋಗುವವರ ಕೆಲಸ ಏನು ಅನ್ನುವುದನ್ನು ನನಗೆ ಕಲಿಸಿದ್ದು ಆ ಮಾತೇ. ನಮ್ಮ ಕೆಲಸ ಜನರನ್ನು ನಿಧಾನ ಮಾಡಿಸುವುದು. ನಿಧಾನ ಆದಮೇಲೆ ಅಡ್ಡ ಬರದೇ ಇರುವುದು.

ಹಿಂದಿನ ದಿನ ಎಲ್ಲರಿಗೂ ಫೋನ್ ಮಾಡಿ. ಹೃದಯದ ತೊಂದರೆ, ಉಬ್ಬಸ, ಜೇನು ಕಚ್ಚಿದರೆ ಮೈ ಊದಿಕೊಳ್ಳುವುದು ಏನಾದರೂ ಇದೆಯಾ ಕೇಳಿಕೊಳ್ಳಿ. ಮುಚ್ಚಿದ ಬೂಟು, ಉದ್ದ ಪ್ಯಾಂಟು ಅಥವಾ ಚೂಡಿದಾರ್, ಟೋಪಿ, ಒಂದು ಲೀಟರ್ ನೀರು, ಕೂರಲು ಹಳೇ ಚಾಪೆಯ ತುಂಡು ಅಥವಾ ಗೋಣಿಚೀಲ ತರಲು ಹೇಳಿ. ಸೆಂಟು ಬೇಡ, ಜೇನುಹುಳಕ್ಕೆ ಅದು ಆಗುವುದಿಲ್ಲ. ತಿಂಡಿ ಹಗುರವಾಗಿರಲಿ. ಹೊಟ್ಟೆ ತುಂಬ ಬೆಣ್ಣೆ ದೋಸೆ ತಿಂದು ಬಂದವರು ಕೂತಲ್ಲೇ ತೂಕಡಿಸುತ್ತಾರೆ. ದೋಸೆ ವಾಪಸ್ ಬರುವಾಗ ತಿನ್ನೋಣ.

ನಿಮ್ಮ ಚೀಲದಲ್ಲಿ ಪ್ರಥಮ ಚಿಕಿತ್ಸೆ ಸಾಮಾನು, ಒಂದು ಸೀಟಿ, ಒಂದು ಉದ್ದ ಕೋಲು, ಕಷಾಯದ ಫ್ಲಾಸ್ಕ್ ಇರಲಿ. ಹಾವು ಕಚ್ಚಿದರೆ ಗಾಯ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಚ್ಚಿದ ಕೈಕಾಲು ಅಲುಗಾಡದಂತೆ ನೋಡಿಕೊಂಡು, 108ಕ್ಕೆ ಕರೆ ಮಾಡಿ, ಸೀದಾ ದೊಡ್ಡ ಆಸ್ಪತ್ರೆ. ಮೇಲೆ ನೆಟ್‌ವರ್ಕ್ ಸಿಗುವ ಜಾಗ ಯಾವುದು ಅಂತ ಹಿಂದಿನ ದಿನವೇ ನೋಡಿಟ್ಟುಕೊಳ್ಳಿ.

ಹೊಸಿಲು

ಗಾಡಿ ಇಳಿದ ತಕ್ಷಣ ನಡೆಯಲು ಶುರು ಮಾಡಬೇಡಿ. ದಾರಿ ಕಾಡಿನೊಳಗೆ ತಿರುಗುವ ಕಡೆ ಎರಡು ಮರ ಅಥವಾ ಎರಡು ಬಂಡೆ ಎದುರುಬದುರು ಇರುವ ಜಾಗ ಹುಡುಕಿ. ಅದನ್ನೇ ಹೊಸಿಲು ಅಂದುಕೊಳ್ಳಿ. ಅಲ್ಲಿ ಎಲ್ಲರೂ ನಿಲ್ಲಲಿ. ಫೋನುಗಳನ್ನು ಸೈಲೆಂಟ್ ಮಾಡಿ ಚೀಲದ ತಳಕ್ಕೆ ಹಾಕಲಿ. ನಿಮ್ಮದೊಂದು ಮಾತ್ರ ಕೈಗೆ ಸಿಗುವಂತಿರಲಿ, ತುರ್ತಿಗೆ.

ಇಲ್ಲಿಯೇ ನಿಯಮ ಹೇಳಿಬಿಡಿ. ಒಬ್ಬರಿಗೊಬ್ಬರು ಕಾಣುವಷ್ಟು ದೂರದಲ್ಲೇ ಇರಬೇಕು. ಬಂಡೆಯ ಸಂದಿಗೆ, ಪೊಟರೆಗೆ ಕೈ ಹಾಕಬಾರದು. ಗೊತ್ತಿಲ್ಲದ ಗಿಡ ಮುಟ್ಟಬಾರದು. ನಸುಗುನ್ನಿ ಕಾಯಿ ಸೋಕಿದರೆ ದಿನವಿಡೀ ತುರಿಕೆ. ಕಳ್ಳಿಯ ಹಾಲು ಕಣ್ಣಿಗೆ ಬಿದ್ದರೆ ಅದಕ್ಕಿಂತ ಕಷ್ಟ. ಏನನ್ನೂ ಕೀಳಬಾರದು, ಏನನ್ನೂ ಬಿಟ್ಟು ಬರಬಾರದು. ಸೀಟಿ ಒಂದು ಸಲ ಊದಿದರೆ ವಾಪಸ್ ಬನ್ನಿ, ಮೂರು ಸಲ ಊದಿದರೆ ಇದ್ದಲ್ಲೇ ನಿಲ್ಲಿ.

ಆಮೇಲೆ ಒಂದು ಮುಖ್ಯವಾದ ಮಾತು ಹೇಳಿ: "ನಾನು ಹೇಳುವುದು ಅಪ್ಪಣೆ ಅಲ್ಲ, ಕರೆ ಅಷ್ಟೇ. ನಿಮಗೆ ಬೇಡ ಅನ್ನಿಸಿದರೆ ಮಾಡಬೇಡಿ. ಸುಮ್ನೆ ನಿಂತಿದ್ದರೂ ಆಯಿತು." ಇದನ್ನು ಹೇಳಿದ ಕೂಡಲೇ ಎಷ್ಟೋ ಜನರ ಭುಜ ಇಳಿಯುವುದನ್ನು ನಾನು ನೋಡಿದ್ದೇನೆ. ದಿನವಿಡೀ ಯಾರೋ ಹೇಳಿದ್ದನ್ನು ಮಾಡಿಕೊಂಡೇ ಬದುಕುವವರು ನಾವು. ವಿಶೇಷವಾಗಿ ಹೆಂಗಸರು.

ಮೊದಲ ಕರೆ: ಮೈಗೆ ವಾಪಸ್ ಬರುವುದು

ಹೊಸಿಲು ದಾಟಿ ಐವತ್ತು ಹೆಜ್ಜೆ. ಗುಂಡಾಗಿ, ಆದರೆ ಎಲ್ಲರೂ ಹೊರಗೆ ಮುಖ ಮಾಡಿ ನಿಲ್ಲಲಿ. ಕಣ್ಣು ಮುಚ್ಚಿಕೊಳ್ಳಲು ಹೇಳಿ. ಮುಚ್ಚಲು ಹೆದರಿಕೆ ಆದವರು ನೆಲ ನೋಡಲಿ. ನೀವು ಮಾತ್ರ ಕಣ್ಣು ತೆರೆದಿರಬೇಕು, ಸುತ್ತ ನೋಡುತ್ತಿರಬೇಕು.

ಮೊದಲು ಕಾಲು. "ಅಂಗಾಲಿನ ಕೆಳಗೆ ಏನಿದೆ? ಕಲ್ಲಾ, ಮಣ್ಣಾ, ಒಣ ಎಲೆಯಾ?" ಇಷ್ಟು ಕೇಳಿ ಒಂದು ನಿಮಿಷ ಸುಮ್ಮನಿರಿ. ಆಮೇಲೆ ಗಾಳಿ. ಮುಖದ ಯಾವ ಕಡೆಗೆ ಬೀಸುತ್ತಿದೆ? ಮತ್ತೆ ಒಂದು ನಿಮಿಷ. ಆಮೇಲೆ ಸದ್ದು. ಅತಿ ದೂರದ ಸದ್ದು ಯಾವುದು? ಅಲ್ಲಿಂದ ಹತ್ತಿರ ಹತ್ತಿರ ಬನ್ನಿ.

ಜೋಗಿಮಟ್ಟಿಯಲ್ಲಿ ಇದು ನನಗೆ ತುಂಬ ಇಷ್ಟವಾದ ಭಾಗ. ದೂರದಲ್ಲಿ ಹೆದ್ದಾರಿಯ ಲಾರಿ ಹಾರನ್. ಗುಡ್ಡದ ಸಾಲಿನ ಮೇಲೆ ಗಾಳಿ ಫ್ಯಾನುಗಳ 'ವೂಮ್, ವೂಮ್'. ಎಲ್ಲೋ ನವಿಲು. ಇನ್ನೂ ಹತ್ತಿರ ಪಿಕಳಾರ. ಅದಕ್ಕಿಂತ ಹತ್ತಿರ, ದಿಂಡಿಗದ ಎಲೆಗಳ ಸರಸರ. ಕೊನೆಗೆ ನಮ್ಮದೇ ಉಸಿರು. "ಛೇ, ಆ ಲಾರಿ ಸದ್ದೊಂದು ಇಲ್ಲದಿದ್ದರೆ!" ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದನ್ನು ಓಡಿಸಲು ಹೋಗಬೇಡಿ ಅನ್ನಿ. ಕೇಳಿಸಿಕೊಂಡು ಮುಂದಿನ ಸದ್ದಿಗೆ ಬನ್ನಿ ಅನ್ನಿ. ಮನಸ್ಸಿಗೆ ಬರುವ ಯೋಚನೆಗೂ ಇದೇ ಉಪಾಯ. ಅದನ್ನು ಪಾಠದ ಹಾಗೆ ಹೇಳುವ ಅಗತ್ಯ ಇಲ್ಲ, ಲಾರಿಯೇ ಹೇಳಿಕೊಡುತ್ತದೆ.

ಕೊನೆಗೆ ವಾಸನೆ. ಮಳೆ ಬಿದ್ದ ಮಾರನೇ ದಿನ ಆದರೆ ಯಾರೂ ಏನೂ ಹೇಳಬೇಕಾಗಿಲ್ಲ. ಒದ್ದೆ ಮಣ್ಣಿನ ಆ ವಾಸನೆ ಬರುವುದು ಮಣ್ಣಿನಲ್ಲಿರುವ ಸೂಕ್ಷ್ಮಜೀವಿಗಳು ಮಾಡುವ ಜಿಯೋಸ್ಮಿನ್ ಅನ್ನುವ ವಸ್ತುವಿನಿಂದ. ಮನುಷ್ಯರ ಮೂಗು ಅದರ ಕಣದಷ್ಟನ್ನೂ ಹಿಡಿಯುತ್ತದೆ. ಇಷ್ಟಕ್ಕೆಲ್ಲ ಹದಿನೈದು ನಿಮಿಷ.

ಕಣ್ಣು ತೆರೆಯುವಾಗ ಹೀಗೆ ಹೇಳಿ: "ಈ ಕಾಡು ನಿಮ್ಮನ್ನು ಈಗಷ್ಟೇ ನೋಡುತ್ತಿದೆ ಅಂದುಕೊಂಡು ಕಣ್ಣು ತೆರೆಯಿರಿ." ಬಣ್ಣಗಳು ಗಾಢವಾಗಿ ಕಂಡವು ಅಂತ ಬಹಳ ಜನ ಹೇಳುತ್ತಾರೆ. ನನಗೂ ಹಾಗೇ ಕಾಣುತ್ತದೆ, ಪ್ರತಿ ಸಲ.

ನಿಧಾನದ ನಡಿಗೆ

ಈಗ ಇಪ್ಪತ್ತು ನಿಮಿಷ ನಡಿಗೆ. ಕರೆ ಒಂದೇ: "ಏನೇನು ಅಲುಗಾಡುತ್ತಿದೆ, ನೋಡುತ್ತಾ ಬನ್ನಿ." ಮಾತು ಬೇಡ. ನೀವು ಮುಂದೆ ಇರಿ, ನಂಬಿಕೆಯ ಒಬ್ಬರು ಕೊನೆಯಲ್ಲಿರಲಿ.

ಕಷ್ಟ ಇರುವುದು ವೇಗದಲ್ಲಿ. ನಮಗೆ ನಿಧಾನ ಅಂದರೆ ಮಾರ್ಕೆಟ್ಟಿನಲ್ಲಿ ನಡೆಯುವಷ್ಟು. ಅದರ ಕಾಲು ಭಾಗಕ್ಕೆ ಇಳಿಸಬೇಕು. ಮೊದಲ ಐದು ನಿಮಿಷ ಎಲ್ಲರಿಗೂ ಕಿರಿಕಿರಿ. ಒಮ್ಮೆ ಒಬ್ಬ ಹುಡುಗಿ, "ಇಷ್ಟು ದೂರ ಬಂದು ಸುಮ್ನೆ ಆಮೆ ಥರ ನಡೆಯೋದಾ ಅಕ್ಕಾ?" ಅಂದಳು. ಹೌದು ಅಂದೆ. ಸ್ವಲ್ಪ ಹೊತ್ತಿಗೆ ಅವಳು ಒಂದು ಜೇಡರ ಬಲೆಯ ಮುಂದೆ ನಿಂತುಬಿಟ್ಟಳು. ಇಬ್ಬನಿ ಕೂತಿದ್ದ ಬಲೆ. ಗುಂಪು ಮುಂದೆ ಹೋದದ್ದೂ ಅವಳಿಗೆ ಗೊತ್ತಾಗಲಿಲ್ಲ. ಅಂಥ ಹೊತ್ತಿನಲ್ಲಿ "ಬಾರಮ್ಮಾ" ಅಂತ ಕರೆಯಬೇಡಿ. ಇಡೀ ಗುಂಪನ್ನೇ ನಿಲ್ಲಿಸಿ.

ನಡಿಗೆ ಮುಗಿದ ಮೇಲೆ ಗುಂಡಾಗಿ ಕೂತು ಒಂದು ಪ್ರಶ್ನೆ ಕೇಳಿ: "ಏನು ಕಂಡಿತು?" ಒಂದು ಕಲ್ಲನ್ನೋ ಒಣ ಕಡ್ಡಿಯನ್ನೋ ಕೈಯಿಂದ ಕೈಗೆ ಕೊಡುತ್ತಾ ಹೋಗಲಿ. ಕಡ್ಡಿ ಕೈಯಲ್ಲಿರುವವರು ಮಾತ್ರ ಮಾತಾಡಬೇಕು. ಉಳಿದವರು ಉತ್ತರ ಕೊಡಬಾರದು, ತಿದ್ದಬಾರದು, ಸಲಹೆ ಹೇಳಬಾರದು. ಮಾತಾಡಲು ಇಷ್ಟ ಇಲ್ಲದವರು ಕಡ್ಡಿಯನ್ನು ಒಂದು ಗಳಿಗೆ ಹಿಡಿದುಕೊಂಡು ಮುಂದೆ ಕೊಡಲಿ. "ಏನನ್ನಿಸಿತು" ಅಂತ ಕೇಳಬೇಡಿ. ಆ ಪ್ರಶ್ನೆಗೆ ಜನ ಭಾಷಣ ಮಾಡುತ್ತಾರೆ. "ಏನು ಕಂಡಿತು" ಅಂದರೆ ಇರುವೆ, ಬಲೆ, ಎಲೆಯ ತೂತು ಅಂತ ನಿಜವಾದದ್ದನ್ನು ಹೇಳುತ್ತಾರೆ.

ಬಂಡೆ

ಜಪಾನಿನವರು, ಅಮೆರಿಕದವರು ಮರ ತಬ್ಬಿಕೊಳ್ಳಲು ಹೇಳುತ್ತಾರೆ. ನಮ್ಮ ಮರಗಳಲ್ಲಿ ಅರ್ಧಕ್ಕೆ ಮುಳ್ಳು. ಕಗ್ಗಲಿಯನ್ನು ತಬ್ಬಿಕೊಂಡರೆ ಕಥೆ ಮುಗಿಯಿತು. ಆದರೆ ನಮ್ಮಲ್ಲಿ ಬಂಡೆಗಳಿವೆ. ಭೂವಿಜ್ಞಾನಿಗಳ ಲೆಕ್ಕದಲ್ಲಿ ಚಿತ್ರದುರ್ಗದ ಸುತ್ತಲಿನ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಇಷ್ಟು ಹಳೆಯದನ್ನು ಬರಿಗೈಯಲ್ಲಿ ಮುಟ್ಟಲು ಎಷ್ಟು ಊರಿನವರಿಗೆ ಸಿಗುತ್ತದೆ ಹೇಳಿ.

ಬಿಸಿಲು ಬಿದ್ದಿರುವ ಒಂದು ಒಂಟಿ ಬಂಡೆ ಆರಿಸಿ. ಬಿರುಕು, ಸಂದಿ ಇಲ್ಲದ್ದು. ಕೋಲಿನಿಂದ ಸುತ್ತ ನೆಲ ತಟ್ಟಿ, ಬುಡ ನೋಡಿ. ಆಮೇಲೆ ಒಬ್ಬೊಬ್ಬರಾಗಿ ಎರಡೂ ಅಂಗೈ ಊರಲಿ. ಪೂರ್ವದ ಮೈ ಬೆಚ್ಚಗೆ, ಪಶ್ಚಿಮದ ಮೈ ರಾತ್ರಿಯ ತಣ್ಣಗೆಯಲ್ಲೇ ಇರುತ್ತದೆ. ಒಂದು ಕೈ ಬಿಸಿಲಿಗೆ, ಒಂದು ಕೈ ನೆರಳಿಗೆ ಇಡಲು ಹೇಳಿ. ಕಲ್ಲಿನ ಮೇಲಿನ ಬೂದು, ಹಳದಿ ಕಲ್ಲುಹೂವು ನೋಡಲಿ, ಕೆರೆಯಬಾರದು. ಅದು ಬೆಳೆಯುವುದು ವರ್ಷಕ್ಕೆ ಕೂದಲೆಳೆಯಷ್ಟು.

ಕಾಯಿಲೆಯವರ ಸೇವೆ ಮಾಡಿ ದಣಿದವರನ್ನು ಕರೆದುಕೊಂಡು ಹೋದಾಗ ನಾನು ಈ ಭಾಗಕ್ಕೆ ಜಾಸ್ತಿ ಹೊತ್ತು ಕೊಡುತ್ತೇನೆ. ಬೆನ್ನು ಆನಿಸಿ ನಿಲ್ಲಿ, ನಿಮ್ಮ ಭಾರ ಪೂರ್ತಿ ಬಿಡಿ ಅನ್ನುತ್ತೇನೆ. ಮನೆಯಲ್ಲಿ ಎಲ್ಲರೂ ಅವರ ಮೇಲೆ ಭಾರ ಹಾಕಿರುತ್ತಾರೆ. ತಾವು ಭಾರ ಹಾಕಲು ಅವರಿಗೆ ಏನೂ ಸಿಕ್ಕಿರುವುದಿಲ್ಲ.

ಒಬ್ಬರೇ ಕೂರುವ ಇಪ್ಪತ್ತು ನಿಮಿಷ

ಅರಣ್ಯ ಸ್ನಾನದ ತಿರುಳು ಇದು. ಉಳಿದದ್ದೆಲ್ಲ ಇದಕ್ಕೆ ತಯಾರಿ.

ಒಬ್ಬೊಬ್ಬರನ್ನೂ ನೀವೇ ಅವರ ಜಾಗಕ್ಕೆ ಕರೆದುಕೊಂಡು ಹೋಗಿ ಕೂರಿಸಿ. ನಡುವೆ ಹತ್ತು ಹದಿನೈದು ಹೆಜ್ಜೆ ಅಂತರ. ಎಲ್ಲರೂ ನಿಮ್ಮ ಕಣ್ಣಿಗೆ ಕಾಣಬೇಕು. ಕೂರುವ ಮೊದಲು ಕೋಲಿನಿಂದ ಎಲೆ ಸರಿಸಿ ನೋಡಿ, ಮಂಡಲದ ಹಾವು ಒಣ ಎಲೆಯ ಬಣ್ಣದಲ್ಲೇ ಇರುತ್ತದೆ. ಹುತ್ತದ ಹತ್ತಿರ ಬೇಡ. ಒಣ ಕೊಂಬೆಯ ಕೆಳಗೂ ಬೇಡ. ಹೇಳಬೇಕಾದದ್ದು ಇಷ್ಟೇ: "ಏನೂ ಮಾಡಬೇಡಿ. ಸೀಟಿ ಊದುತ್ತೇನೆ, ಆಗ ಬನ್ನಿ." ಧ್ಯಾನ ಮಾಡಿ, ಉಸಿರು ಎಣಿಸಿ ಅಂತ ಹೇಳಬೇಡಿ. ಹೊತ್ತು ನೋಡುವ ಚಿಂತೆ ನಿಮ್ಮದು, ಅವರದಲ್ಲ.

ಆರೇಳು ನಿಮಿಷ ಆದಮೇಲೆ ಕಾಡು ಬದಲಾಗುತ್ತದೆ. ನಾವು ಬಂದಾಗ ಸುಮ್ಮನಾಗಿದ್ದ ಹಕ್ಕಿಗಳು ಮತ್ತೆ ಶುರು ಮಾಡುತ್ತವೆ. ಓತಿಕ್ಯಾತ ಬಂಡೆಯ ಮೇಲೆ ಬರುತ್ತದೆ. ಇವರು ಇಲ್ಲೇ ಇರುವವರು ಅಂತ ಅವು ತೀರ್ಮಾನ ಮಾಡಿದಂತೆ.

ಕೆಲವರು ಅಳುತ್ತಾರೆ. ಮೊದಲ ಸಲ ನೋಡಿದಾಗ ನಾನು ಓಡಿಹೋಗಿ ಹೆಗಲ ಮೇಲೆ ಕೈ ಇಟ್ಟೆ. ಆಕೆ ಕೂಡಲೇ ಕಣ್ಣೊರೆಸಿಕೊಂಡು "ಏನಿಲ್ಲ, ಏನಿಲ್ಲ" ಅಂದರು. ಎಷ್ಟೋ ದಿನದಿಂದ ಬರಬೇಕಿದ್ದ ಅಳುವನ್ನು ನಾನೇ ನಿಲ್ಲಿಸಿದ್ದೆ. ಈಗ ಹೋಗುವುದಿಲ್ಲ. ದೂರದಿಂದ ಕಾಣುವಂತೆ ಕೂತಿರುತ್ತೇನೆ. ನನ್ನ ಕಡೆ ನೋಡಿದರೆ ತಲೆ ಆಡಿಸುತ್ತೇನೆ. ಏದುಸಿರು ಬಂದರೆ, ಮೈ ನಡುಗಿದರೆ, ಹೆದರಿಕೆ ಕಂಡರೆ ಮಾತ್ರ ಹತ್ತಿರ ಹೋಗಿ ಪಕ್ಕದಲ್ಲಿ ಕೂರಿ, ಕಾಲನ್ನು ನೆಲಕ್ಕೆ ಒತ್ತಲು ಹೇಳಿ, ಸುತ್ತ ಕಾಣುವ ಐದು ವಸ್ತುಗಳ ಹೆಸರು ಕೇಳಿ. ಸಾಯಬೇಕು ಅನ್ನಿಸುತ್ತದೆ ಅಂತ ಯಾರಾದರೂ ಬಾಯಿಬಿಟ್ಟರೆ ಅದನ್ನು ಕಾಡಿಗೆ ಬಿಡಬೇಡಿ. ಅವರ ಜೊತೆಗೇ ಇರಿ, ಮನೆಯವರಿಗೆ ತಿಳಿಸಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416 ದಿನದ ಯಾವ ಹೊತ್ತಿನಲ್ಲೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಕಷಾಯ

ಕೊನೆಗೆ ಒಟ್ಟಿಗೆ ಕೂತು ಏನಾದರೂ ಕುಡಿಯುವುದು ಪದ್ಧತಿ. ಬೇರೆ ದೇಶದಲ್ಲಿ ಕಾಡಿನ ಎಲೆಗಳನ್ನೇ ಕುದಿಸಿ ಚಹಾ ಮಾಡುವವರೂ ಇದ್ದಾರೆ. ಇಲ್ಲಿ ಬೆಂಕಿ ಹಚ್ಚುವುದು ಖಂಡಿತ ಬೇಡ, ಎಲೆ ಕೀಳುವುದೂ ಬೇಡ. ಮನೆಯಿಂದಲೇ ತುಳಸಿ, ಶುಂಠಿ, ನಿಂಬೆಹುಲ್ಲು, ಬೆಲ್ಲ ಹಾಕಿ ಕಷಾಯ ಮಾಡಿ ತನ್ನಿ. ಸ್ಟೀಲ್ ಲೋಟ ತನ್ನಿ, ಪೇಪರ್ ಕಪ್ ಬೇಡ. ಮೊದಲ ಲೋಟದಿಂದ ನಾಲ್ಕು ಹನಿಯನ್ನು ನೆಲಕ್ಕೆ ಚೆಲ್ಲುತ್ತೇನೆ. ಚರಗ ಚೆಲ್ಲಿ ಬೆಳೆದ ಮನೆ ನಮ್ಮದು, ಅದು ತಾನಾಗಿಯೇ ಬರುತ್ತದೆ. ಜೊತೆಗೆ ಒಂದಿಷ್ಟು ಮಂಡಕ್ಕಿ, ಹುರಿಗಡಲೆ.

ಇಲ್ಲಿ ಮಾತು ತಾನಾಗಿ ಬರುತ್ತದೆ. ಬರಲಿ ಬಿಡಿ. ಹೊರಡುವಾಗ ತಲೆ ಎಣಿಸಿ, ಕೂತ ಜಾಗ ಒಮ್ಮೆ ನೋಡಿ, ಅದೇ ಹೊಸಿಲಿನಿಂದ ಆಚೆ ಬನ್ನಿ. ಗಾಡಿ ಓಡಿಸುವವರು ಐದು ನಿಮಿಷ ಓಡಾಡಿ, ನೀರು ಕುಡಿದು ಆಮೇಲೆ ಕೀ ತಿರುಗಿಸಲಿ. ಇಷ್ಟು ನಿಧಾನ ಆದ ಮನಸ್ಸನ್ನು ತಟ್ಟನೆ ಹೆದ್ದಾರಿಗೆ ಇಳಿಸಬಾರದು. ಮನೆಗೆ ಹೋಗಿ ಬಿಸಿನೀರಿನ ಸ್ನಾನ ಮಾಡುವಾಗ ಮೈಮೇಲೆ ಉಣ್ಣಿ ಹುಳ ಹತ್ತಿದೆಯಾ ನೋಡಿಕೊಳ್ಳಿ, ಮಂಡಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಹತ್ತಿರ.

ಆಮೇಲೆ

ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರನ್ನು ಕೇಳಿ ಮಾಡಿದ ಒಂದು ಅಧ್ಯಯನ 2019ರಲ್ಲಿ ಬಂತು. ವಾರಕ್ಕೆ ಕನಿಷ್ಠ 120 ನಿಮಿಷ ಪ್ರಕೃತಿಯ ನಡುವೆ ಕಳೆಯುವವರು, ಹಾಗೆ ಕಳೆಯದವರಿಗಿಂತ ತಮ್ಮ ಆರೋಗ್ಯ ಚೆನ್ನಾಗಿದೆ ಅಂತ ಹೆಚ್ಚು ಹೇಳಿದ್ದರು. ಒಂದೇ ಸಲ ಕಳೆದರೂ ಅಷ್ಟೇ, ಸ್ವಲ್ಪ ಸ್ವಲ್ಪವಾಗಿ ಕಳೆದರೂ ಅಷ್ಟೇ. ಹಾಗಾಗಿ ಜೋಗಿಮಟ್ಟಿ ತಿಂಗಳಿಗೊಮ್ಮೆ ಆಗಲಿ. ಉಳಿದ ದಿನ ಮನೆ ಮುಂದಿನ ಹೊಂಗೆ ಮರದ ಕೆಳಗೆ ಇಪ್ಪತ್ತು ನಿಮಿಷ.

ಬಂದವರಿಗೆ ನಾನು ಒಂದು ಕೆಲಸ ಕೊಡುತ್ತೇನೆ. ಕಾಡಿನಲ್ಲಿ ಕೂತ ಜಾಗ ನೆನಪಿಟ್ಟುಕೊಂಡು ವರ್ಷವಿಡೀ ಅಲ್ಲಿಗೇ ಬರುವುದು. ಮಾಘದ ಕೊನೆಗೆ ಎಲೆಯೇ ಇಲ್ಲದ ಮುತ್ತುಗ ಕೆಂಡದಂತೆ ಹೂ ಬಿಡುತ್ತದೆ. ಯುಗಾದಿ ಕಳೆದ ಮೇಲೆ ಕಕ್ಕೆಯ ಹಳದಿ ಗೊಂಚಲು. ಮಳೆ ಬಿದ್ದ ಮೇಲೆ ದಾರಿಯ ಎರಡೂ ಕಡೆ ತಂಗಡಿ ಹೂವು, ಆಮೇಲೆ ಸೀತಾಫಲ. ನನ್ನನ್ನು ತಂಗಿ ಕೂರಿಸಿದ ಬಂಡೆಗೆ ನಾನು ಈಗಲೂ ಹೋಗುತ್ತೇನೆ. ಇರುವೆಗಳ ಸಾಲು ಬಂಡೆಯ ಎಡಕ್ಕೆ ಸರಿದಿದೆ. ಹೋದ ವರ್ಷ ಒಣಗಿತು ಅಂದುಕೊಂಡಿದ್ದ ಪಕ್ಕದ ಬಿಲ್ವದ ಗಿಡ, ಈ ಸಲ ಬುಡದಿಂದ ಎರಡು ಚಿಗುರು ಬಿಟ್ಟಿದೆ.